ಬೋರ್‌ವೆಲ್ ಲೆಕ್ಕಕ್ಕೆ ಹನ್ನೆರಡು ಸೂತ್ರ
ಗದಗ ಸೀಮೆಯಲ್ಲಿ ಅಂತರ್ಜಲದ ಕಂಪ್ಯೂಟರ್ ಮಾಡೆಲ್ ಕಟ್ಟಲು ಹೊರಟವರಿಗೆ

ಕಪ್ಪತಗುಡ್ಡದ ಅಡಿಯಲ್ಲಿ ತೈಲವಿಲ್ಲ, ಗ್ಯಾಸೂ ಇಲ್ಲ. ಇರುವುದು 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲೆ, ಅದರ ಬಿರುಕುಗಳಲ್ಲಿ ಒಂದಿಷ್ಟು ನೀರು. ಗ್ಯಾಸ್ ಕಂಡೆನ್ಸೇಟ್ (ಒತ್ತಡ ಇಳಿದಾಗ ಹಗುರ ಎಣ್ಣೆ ಬಿಡುವ ಅನಿಲ) ನಿಕ್ಷೇಪವನ್ನು ಕಂಪ್ಯೂಟರಿನೊಳಗೆ ಕಟ್ಟಿ, ಬಾವಿ ತೆರೆದರೆ ಹತ್ತು ವರ್ಷದಲ್ಲಿ ಒತ್ತಡ ಎಷ್ಟು ಇಳಿದೀತು ಎಂದು ಮೊದಲೇ ನೋಡುವ ವಿದ್ಯೆ ತೈಲ ಕಂಪನಿಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಆ ವಿದ್ಯೆಯ ಬೇರು ಮಾತ್ರ ನೀರಿನಲ್ಲಿದೆ. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ 1856ರಲ್ಲಿ ಪ್ರಕಟಿಸಿದ ನಿಯಮವೇ ಇವತ್ತಿಗೂ ಗ್ಯಾಸ್ ಬಾವಿಗೂ ಬೋರ್‌ವೆಲ್ಲಿಗೂ ಆಧಾರ. ಆದ್ದರಿಂದ ಗದಗ-ಬೆಟಗೇರಿಯಲ್ಲಿ ಸಿವಿಲ್ ಓದುತ್ತಿರುವವರು, ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿರುವವರು, ಪಂಚಾಯಿತಿಯಲ್ಲಿ ನೀರಿನ ಕೆಲಸ ನೋಡುವ ಎಂಜಿನಿಯರುಗಳು ಈ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಿಲ್ಲ. ಶಿರಹಟ್ಟಿಯ ಒಂದು ಹಳ್ಳ, ಅದರ ಎರಡೂ ದಂಡೆಯ ಹೊಲಗಳ ಬೋರ್‌ಗಳು ಸಾಕು.

ಆದರೆ ಒಂದು ಮಾತು ಮೊದಲೇ ಖಚಿತವಾಗಿರಲಿ. ಮಾಡೆಲ್ ಇರುವುದು ನೀರು ಹುಡುಕಲಿಕ್ಕಲ್ಲ, ಇರುವ ನೀರಿನ ಲೆಕ್ಕ ಇಡಲಿಕ್ಕೆ. ಮುಂದಿನ ಸೂತ್ರಗಳೆಲ್ಲ ಈ ಮಾತಿನ ಮೇಲೆ ನಿಂತಿವೆ.

1. ಪ್ರಶ್ನೆ ಬರೆದುಕೊಂಡ ಮೇಲೆ ಲ್ಯಾಪ್‌ಟಾಪ್ ತೆರೆಯಿರಿ

‘ಶಿರಹಟ್ಟಿ ತಾಲ್ಲೂಕಿನ ಅಂತರ್ಜಲ ಅಧ್ಯಯನ’ ಎಂಬುದು ಪ್ರಶ್ನೆಯಲ್ಲ, ರಿಪೋರ್ಟಿನ ಮುಖಪುಟ. ‘ಈ ಹಳ್ಳದ ದಂಡೆಯ ಬೋರ್‌ಗಳು ಶಿವರಾತ್ರಿಯವರೆಗೆ ಬತ್ತದೆ ಉಳಿಯಬೇಕಾದರೆ ಹಿಂಗಾರಿಗೆ ಎಷ್ಟು ಎಕರೆಗೆ ನೀರು ಬಿಡಬಹುದು?’ ಎಂಬುದು ಪ್ರಶ್ನೆ. ಇದಕ್ಕೆ ಕಾಲ, ಜಾಗ, ತೀರ್ಮಾನ ಮೂರೂ ಇವೆ. ‘ಬೋರ್ ಎಲ್ಲಿ ಹಾಕಿಸಲಿ?’ ಎಂದು ಯಾರಾದರೂ ಕೇಳಿದರೆ, ಮಾಡೆಲ್ ಪಾಯಿಂಟ್ ತೋರಿಸುವುದಿಲ್ಲ ಎಂದು ನೇರವಾಗಿ ಹೇಳಿಬಿಡಿ. ಆ ಆಸೆ ಹುಟ್ಟಿಸಿದರೆ ಬೋರ್ ಫೇಲಾದ ದಿನ ನಿಮ್ಮ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

2. ಕಲ್ಲನ್ನು ಪದರ ಪದರವಾಗಿ ಓದಿ

ಇಡೀ ಕೆಲಸದ ಜೀವಾಳ ಇದು. ಇಲ್ಲಿ ಆತುರ ಬೇಡ.

ಗದಗ ಸೀಮೆಯಲ್ಲಿ ಮೇಲೆ ಎರಿ ಅಥವಾ ಮಸಾರಿ ಮಣ್ಣು. ಅದರ ಕೆಳಗೆ ಕೊಳೆತು ಸಡಿಲವಾದ ಗರಸಿನಂಥ ಕಲ್ಲು, ಅದರ ಕೆಳಗೆ ಬಿರುಕುಬಿಟ್ಟ ಕಲ್ಲು, ಆಮೇಲೆ ಗಟ್ಟಿ ಬಂಡೆ. ಹೈದರಾಬಾದ್ ಬಳಿಯ ಮಹೇಶ್ವರಂನಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಗ್ರಾನೈಟ್ ನೆಲವನ್ನು ವರ್ಷಗಟ್ಟಲೆ ಅಳೆದು ತೋರಿಸಿದ್ದು ಇದನ್ನೇ: ನೀರು ಚೆನ್ನಾಗಿ ಹಾಯುವ ಬಿರುಕುಗಳು ಹೆಚ್ಚಾಗಿರುವುದು ಮೇಲಿನ ಹತ್ತಾರು ಮೀಟರಿನಲ್ಲಿ. ಅದಕ್ಕಿಂತ ಕೆಳಗೆ ಬಿರುಕು ಸಿಕ್ಕರೆ ಅದೃಷ್ಟ, ಸಿಕ್ಕರೂ ಅದರ ಹೊಟ್ಟೆ ಚಿಕ್ಕದು.

ಎಷ್ಟು ಚಿಕ್ಕದು? ದೇಶದ ಅಂತರ್ಜಲ ಅಂದಾಜಿಗೆ ಸರ್ಕಾರ ಬಳಸುವ ಪದ್ಧತಿಯಲ್ಲಿ, ಕೊಳೆತ ಗ್ರಾನೈಟ್, ನೈಸ್, ಶಿಸ್ಟ್ ಕಲ್ಲಿನಿಂದ ಬಸಿದು ಸಿಗುವ ನೀರು ಅದರ ಗಾತ್ರದ ಶೇ 1ರಿಂದ 4ರಷ್ಟು. ಬಿರುಕು ಕಡಿಮೆಯಿರುವ ಗಟ್ಟಿ ಬಂಡೆಯಿಂದ ಬರೀ ಶೇ 0.3ರ ಆಸುಪಾಸು. ಇದನ್ನು ಒಂದು ಎಕರೆ ಹೊಲಕ್ಕೆ ಹಚ್ಚಿ ನೋಡಿ. ಶೇ 2 ಎಂದು ಹಿಡಿದರೆ, ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ಒಂದು ಎಕರೆಯಡಿಯ ಕೊಳೆತ ಕಲ್ಲು ಕೊಡುವುದು ಸುಮಾರು 81,000 ಲೀಟರ್. ಅದೇ ಒಂದು ಮೀಟರ್ ಇಳಿತ ಗಟ್ಟಿ ಬಂಡೆಯಲ್ಲಾದರೆ ಸಿಗುವುದು 12,000 ಲೀಟರ್. ಮೇಲಿನ ಪದರ ಬರಿದಾದ ಮೇಲೆ ಅದೇ ಮೋಟರು ಅಷ್ಟೇ ನೀರೆತ್ತಿದರೂ ಮಟ್ಟ ಆರೇಳು ಪಟ್ಟು ವೇಗದಲ್ಲಿ ಕುಸಿಯುವುದು ಇದಕ್ಕೇ. ‘ಹೋದ ವರ್ಷ ಚಲೋ ನೀರಿತ್ತು, ಈ ವರ್ಷ ಒಮ್ಮೆಲೇ ಕೈಕೊಟ್ಟಿತು’ ಎಂದು ರೈತರು ಹೇಳುವ ಮಾತಿನ ಹಿಂದಿನ ಲೆಕ್ಕ ಇಷ್ಟೇ. ಬೋರ್ ಆಳ ಮಾಡಿದರೆ ಹೊಸ ಖಜಾನೆ ತೆರೆಯುವುದಿಲ್ಲ. ಹೆಚ್ಚಿನ ಕಡೆ, ಅಕ್ಕಪಕ್ಕದವರೂ ಎತ್ತುತ್ತಿರುವ ಮೇಲಿನ ಅದೇ ನೀರನ್ನು ಇನ್ನೂ ಕೆಳಗಿನಿಂದ ಬಸಿದುಕೊಂಡಂತಾಗುತ್ತದೆ.

ಆದ್ದರಿಂದ ಮಾಡೆಲ್‌ನಲ್ಲಿ ಕನಿಷ್ಠ ಮೂರು ಪದರ ಇರಲಿ. ಇಡೀ ಆಳಕ್ಕೆ ಒಂದೇ ಅಂಕಿ ಹಾಕಿದ ಮಾಡೆಲ್ ನಮ್ಮ ನೆಲದಲ್ಲಿ ಯಾವಾಗಲೂ ಸಿಹಿ ಸುಳ್ಳು ಹೇಳುತ್ತದೆ. ಪದರದ ದಪ್ಪ ತಿಳಿಯಲು ಎರಡು ಸುಲಭ ದಾರಿಗಳಿವೆ. ಬೋರ್ ಕೊರೆಸುವಾಗ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದರು ಎಂದು ಕೇಳಿ. ಕೇಸಿಂಗ್ ನಿಂತ ಜಾಗದಲ್ಲಿ ಸಡಿಲ ಕಲ್ಲು ಮುಗಿದಿದೆ ಎಂದರ್ಥ. ಎರಡನೆಯದು, ಹಳೆಯ ತೆರೆದ ಬಾವಿಗಳ ಒಳಗೋಡೆ. ಲಕ್ಕುಂಡಿಯ ಚಾಲುಕ್ಯ ಕಾಲದ ಮೆಟ್ಟಿಲು ಬಾವಿಗಳನ್ನು ಕಟ್ಟಿದವರು ಗುದ್ದಲಿ, ಉಳಿ ಹಿಡಿದು ಮುಟ್ಟಬಹುದಾದ ಆಳದಲ್ಲೇ ನೀರು ಕಂಡಿದ್ದರು. ಆ ಆಳವೂ ಒಂದು ದಾಖಲೆಯೇ. ಬರೆದುಕೊಳ್ಳಿ.

3. ಗಡಿಯನ್ನು ಕಂದಾಯ ನಕಾಶೆಯಿಂದ ಎತ್ತಬೇಡಿ

ಲಕ್ಷ್ಮೇಶ್ವರ ಬೇರೆ ತಾಲ್ಲೂಕಾಗಿದ್ದು ನೀರಿಗೆ ಗೊತ್ತಿಲ್ಲ. ಜಲಾನಯನದ ದಿಬ್ಬ, ಹಳ್ಳ, ನದಿ, ಇವು ಗಡಿ. ಕಪ್ಪತಗುಡ್ಡದ ನೆತ್ತಿ ಒಂದು ಕಡೆ, ಮುಂಡರಗಿ ಮತ್ತು ಶಿರಹಟ್ಟಿಯ ದಕ್ಷಿಣಕ್ಕೆ ತುಂಗಭದ್ರೆ ಇನ್ನೊಂದು ಕಡೆ. ಮಾಡೆಲ್ ಕಟ್ಟುವವನಿಗೆ ಇಂಥ ಒಳ್ಳೆಯ ಗಡಿಗಳು ಎಲ್ಲ ಊರಲ್ಲೂ ಸಿಗುವುದಿಲ್ಲ. ನಡುವೆ ನೆಲದಡಿ ಕರಿಕಲ್ಲಿನ ಅಡ್ಡಗೋಡೆ (ಡೈಕ್) ಹಾದಿದ್ದರೆ ಅದನ್ನು ಬಿಡಬೇಡಿ. ಅದರ ಒಂದು ಮಗ್ಗುಲಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಮಗ್ಗುಲು ಒಣಗಿರುತ್ತದೆ.

ಮುಂಡರಗಿ ಕಡೆ ಮಾಡುವುದಾದರೆ ಇನ್ನೊಂದು ಎಚ್ಚರ. ಹಮ್ಮಿಗಿಯ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಯ ನೀರು ಬಂದ ಹೊಲಗಳಲ್ಲಿ ಹಳೆಯ ಲೆಕ್ಕ ನಡೆಯುವುದಿಲ್ಲ. ಕಾಲುವೆ ಬರುವ ಮೊದಲು, ಬಂದ ಮೇಲೆ ಎಂದು ಅವಧಿಯನ್ನು ಎರಡಾಗಿ ಕತ್ತರಿಸಿ.

4. ಮಟ್ಟವನ್ನು ನೀವೇ ಅಳೆಯಿರಿ

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್. ಆ ಅಂಕಿ ಇಂಡಿಯಾ-ವ್ರಿಸ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜಿಲ್ಲೆಯ ಚಿತ್ರಕ್ಕೆ ಅದು ಸಾಕು, ಒಂದು ಹಳ್ಳಕ್ಕೆ ಸಾಲದು. ಹತ್ತಿಪ್ಪತ್ತು ಬೋರ್ ಆಯ್ದುಕೊಂಡು ತಿಂಗಳಿಗೊಮ್ಮೆ ಟೇಪ್ ಇಳಿಸಿ. ಮೋಟರ್ ಬಂದ್ ಮಾಡಿ ಕೆಲವು ತಾಸು ಕಳೆದ ಮೇಲೆ, ಮುಂಜಾನೆ ಕರೆಂಟ್ ಬರುವ ಮೊದಲು ಅಳೆಯಿರಿ. ಪಕ್ಕದ ಹೊಲದ ಮೋಟರ್ ಓಡುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಕೇಸಿಂಗ್ ಬಾಯಿಯ ಎತ್ತರವನ್ನು ಒಂದೇ ನೆಲೆಗೆ ತನ್ನಿ. ಇಲ್ಲದಿದ್ದರೆ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದೇ ತಿರುಗುಮುರುಗು.

ಇದು ಬೇಸರದ ಕೆಲಸ ನಿಜ. ಆದರೆ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನ ಇಂದು ಜಗತ್ತಿನ ಅಂತರ್ಜಲ ತಜ್ಞರಿಗೆ ಪರಿಚಿತವಾಗಿದ್ದರೆ ಅದಕ್ಕೆ ಇಂಥ ಅಳತೆಯೇ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ಸಂಶೋಧಕರು 84 ಚದರ ಕಿಲೋಮೀಟರಿನ ಆ ಪ್ರದೇಶದಲ್ಲಿ ರೈತರ ಬೋರ್‌ಗಳ ಮಟ್ಟವನ್ನು ಬಿಡದೆ ಅಳೆಯುತ್ತ ಬಂದಿದ್ದಾರೆ, ಆ ಅಂಕಿಗಳ ಮೇಲೆ ಮಾಡೆಲ್ ಕಟ್ಟಿದ್ದಾರೆ. ಗುಡ್ಡದ ಬುಡಕ್ಕಿಂತ ತಗ್ಗಿನ ಹೊಲಗಳಲ್ಲಿ ನೀರು ಹೆಚ್ಚಿರಬೇಕು ಎಂಬುದು ಎಲ್ಲರ ಎಣಿಕೆ. ಅಲ್ಲಿ ಕಂಡದ್ದು ಬೇರೆ: ಫಲವತ್ತಾದ ತಗ್ಗಿನಲ್ಲೇ ಮೊದಲು ಪಂಪ್ ಹಾಕಿ ಹೆಚ್ಚು ಎತ್ತಿದ್ದರಿಂದ ನೀರು ಅಲ್ಲೇ ಹೆಚ್ಚು ಆಳಕ್ಕಿಳಿದಿತ್ತು.

5. ‘ಇಂಚು’ ಎಂದವರನ್ನು ಇನ್ನೊಮ್ಮೆ ಕೇಳಿ

‘ಎರಡು ಇಂಚ್ ನೀರ ಐತ್ರಿ’ ಎನ್ನುತ್ತಾರೆ. ಯಾವ ಎರಡು ಇಂಚು? ಬೋರ್ ಗಾಡಿಯವರು ವಿ ಆಕಾರದ ತಗಡಿನ ಮೇಲೆ ಅಳೆದ ಎರಡು ಇಂಚೇ, ಅಥವಾ ಎರಡಿಂಚು ಪೈಪು ತುಂಬಿ ಬರುವ ನೀರೇ? ವಿ ತಗಡಿನ ಇಂಚುಗಳನ್ನು ಕೂಡಿಸಿ ಕಳೆಯಲಾಗದು. 90 ಡಿಗ್ರಿಯ ತಗಡಿನಲ್ಲಿ ಒಂದು ಇಂಚು ಎಂದರೆ ತಾಸಿಗೆ ಸುಮಾರು 500 ಲೀಟರ್. ಎರಡು ಇಂಚು 1,000 ಅಲ್ಲ, 2,900. ಮೂರು ಇಂಚು 8,000 ಹತ್ತಿರ. ನಾಲ್ಕು ಇಂಚು 16,000 ದಾಟುತ್ತದೆ. ‘ನಾಲ್ಕು ಇದ್ದದ್ದು ಎರಡಕ್ಕೆ ಬಂತು’ ಎಂದು ರೈತ ಹೇಳಿದಾಗ ಅರ್ಧ ಹೋಯಿತು ಎಂದು ಬರೆದುಕೊಂಡರೆ ಮಾಡೆಲ್ ಅಲ್ಲೇ ಕೆಟ್ಟಿತು. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀರು ಹೋಗಿರುತ್ತದೆ.

ಸಂಶಯ ಬಂದರೆ 200 ಲೀಟರಿನ ಬ್ಯಾರಲ್ ಇಟ್ಟು ಮೊಬೈಲ್‌ನಲ್ಲಿ ಹೊತ್ತು ನೋಡಿ. ತುಂಬಲು ನಾಲ್ಕು ನಿಮಿಷ ಚಿಲ್ಲರೆ ಹಿಡಿದರೆ ಅದು ತಗಡಿನ ಎರಡು ಇಂಚು.

6. ಎತ್ತಿದ ನೀರನ್ನು ಕರೆಂಟಿನಿಂದ ಲೆಕ್ಕ ಹಾಕಿ

ಬೋರ್‌ಗೆ ನೀರಿನ ಮೀಟರ್ ಇಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆಯಾದ್ದರಿಂದ ರೈತರ ಮನೆಯಲ್ಲಿ ಬಿಲ್ಲೂ ಸಿಗುವುದಿಲ್ಲ. ಆದರೆ ಕೃಷಿ ಫೀಡರಿನಲ್ಲಿ ಎಷ್ಟು ಯೂನಿಟ್ ಹೋಯಿತು ಎಂಬ ಲೆಕ್ಕ ವಿದ್ಯುತ್ ಕಂಪನಿಯಲ್ಲಿರುತ್ತದೆ. ಅದನ್ನು ಕೇಳಿ ಪಡೆಯಿರಿ.

ನೂರು ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು, ಯಾವ ನಷ್ಟವೂ ಇಲ್ಲದಿದ್ದರೆ, 0.27 ಯೂನಿಟ್ ಸಾಕು. ಮೋಟರು, ಪೈಪು ಸೇರಿ ದಕ್ಷತೆ ಶೇ 40 ಎಂದು ಹಿಡಿದರೆ ಒಂದು ಯೂನಿಟ್‌ಗೆ ಬರುವುದು ಹೆಚ್ಚುಕಡಿಮೆ 1,450 ಲೀಟರ್. ಮಟ್ಟ ಇನ್ನೂರು ಮೀಟರಿಗೆ ಇಳಿದರೆ ಅದೇ ಯೂನಿಟ್‌ಗೆ ಅರ್ಧ ನೀರು. ಹೀಗಾಗಿ ‘ದಿನಕ್ಕೆ ಏಳು ತಾಸು ಪಂಪ್’ ಎಂದು ವರ್ಷಪೂರ್ತಿ ಒಂದೇ ಅಂಕಿ ತುಂಬಬೇಡಿ. ತಾಸು ಅದೇ ಇದ್ದರೂ ನೀರು ಕಡಿಮೆಯಾಗುತ್ತ ಹೋಗುತ್ತದೆ.

7. ಇಳಿದ ಮಳೆಯನ್ನೂ ಬಿದ್ದ ಮಳೆಯನ್ನೂ ಒಂದೇ ಎನ್ನಬೇಡಿ

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಗಟ್ಟಿ ಕಲ್ಲಿನ ನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು ಅಂತರ್ಜಲಕ್ಕೆ ಇಳಿದರೆ ಒಳ್ಳೆಯದೇ ಎನ್ನಬೇಕು. ಅಂದರೆ 60 ಮಿ.ಮೀ. ಒಂದು ಎಕರೆಗೆ 2.4 ಲಕ್ಷ ಲೀಟರ್.

ಇನ್ನು ಬೆಳೆಯ ಕಡೆ ನೋಡಿ. ಉಳ್ಳಾಗಡ್ಡಿ ಬೆಳೆಗೆ ಒಟ್ಟು 350ರಿಂದ 550 ಮಿ.ಮೀ. ನೀರು ಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಮಳೆಯಿಲ್ಲದ ಬೇಸಿಗೆಯಲ್ಲಿ ಪೂರ್ತಿ ಬೋರ್ ನೀರಿನಿಂದಲೇ ಬೆಳೆದರೆ, ನಡುವಿನ 450 ಹಿಡಿದರೂ, ಎಕರೆಗೆ 18 ಲಕ್ಷ ಲೀಟರ್. ಒಂದು ಎಕರೆ ಬೇಸಿಗೆ ಉಳ್ಳಾಗಡ್ಡಿ ಏಳೂವರೆ ಎಕರೆಯ ಮಳೆ ಇಂಗಿದ ನೀರನ್ನು ಕುಡಿಯುತ್ತದೆ. ಹಾಯಿಸಿದ ನೀರಿನಲ್ಲಿ ಒಂದು ಪಾಲು ಮತ್ತೆ ಕೆಳಗಿಳಿಯುತ್ತದೆ ಎಂಬುದನ್ನು ಕಳೆದರೂ ಚಿತ್ರ ಬಹಳ ಬದಲಾಗುವುದಿಲ್ಲ. ಮುಂಗಾರಿನ ಹೆಸರು, ಶೇಂಗಾ, ಹಿಂಗಾರಿನ ಕಡಲೆ, ಬಿಳಿಜೋಳ ಬಿತ್ತುತ್ತ ಬಂದ ನಮ್ಮ ಹಿರಿಯರ ಲೆಕ್ಕ ಎಷ್ಟು ಗಟ್ಟಿಯಿತ್ತು ಎಂಬುದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ಒಣ ಬೇಸಾಯವನ್ನು ಹಿಂದುಳಿದ ಬೇಸಾಯ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಎರಿ ಭೂಮಿಗೆ ಬೇರೆಯದೇ ಸ್ವಭಾವವಿದೆ. ಬೇಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೊದಲ ದೊಡ್ಡ ಮಳೆ ಆ ಬಿರುಕಿನಲ್ಲಿ ನೇರ ಕೆಳಗೆ ಹೋಗುತ್ತದೆ. ನಾಲ್ಕಾರು ಮಳೆಯಾದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು, ಮುಂದಿನ ನೀರು ಹೊಲದ ಮೇಲೆ ನಿಲ್ಲುತ್ತದೆ ಇಲ್ಲವೆ ಹಳ್ಳಕ್ಕೆ ಹರಿದುಹೋಗುತ್ತದೆ. ಮಸಾರಿಗೆ ಒಂದು ಅಂಕಿ, ಎರಿಗೆ ಇನ್ನೊಂದು, ಕೆರೆಯಂಗಳಕ್ಕೆ ಮತ್ತೊಂದು ಹಾಕಿ. ಮಾಗಡಿ ಕೆರೆಯಂಥ ದೊಡ್ಡ ಕೆರೆ ನಿಮ್ಮ ಗಡಿಯೊಳಗಿದ್ದರೆ ಅದನ್ನು ಬೇರೆಯಾಗಿಯೇ ಲೆಕ್ಕ ಹಿಡಿಯಿರಿ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವ, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಕೆರೆ ಅದು. ಅದರ ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಸುತ್ತಲಿನ ಹೊಲಗಳಿಗೂ ಸೇರಿದ ವಿಷಯ. ಮಳೆಯ ಅಂಕಿಗೆ ಮಾತ್ರ ತಾಪತ್ರಯವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ.

8. ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಮಾಡ್‌ಫ್ಲೋ ಇಂದಿಗೂ ಜಗತ್ತಿನ ಅತಿ ಹೆಚ್ಚು ಬಳಕೆಯ ಅಂತರ್ಜಲ ಮಾಡೆಲ್. ಪೂರ್ತಿ ಉಚಿತ. ಚಿತ್ರ ನೋಡುತ್ತ ಕೆಲಸ ಮಾಡಲು ಮಾಡೆಲ್‌ಮ್ಯೂಸ್, ಪೈಥಾನ್ ಬಲ್ಲವರಿಗೆ ಫ್ಲೋಪೈ, ನಕಾಶೆಗೆ ಕ್ಯೂಜಿಐಎಸ್. ಎಲ್ಲವೂ ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ದುಡ್ಡಿದ್ದರೆ ಟೇಪು, ಬ್ಯಾರಲ್, ಬೈಕಿನ ಪೆಟ್ರೋಲಿಗೆ ಇಡಿ.

9. ಬೋರ್ ಸುತ್ತ ಚೌಕ ಚಿಕ್ಕದು ಮಾಡಿ

ಕಂಪ್ಯೂಟರ್ ಹೊಲವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದೇ ನೀರಿನ ಮಟ್ಟ ಹೇಳುತ್ತದೆ. ಚೌಕ ನೂರು ಮೀಟರಿನದಾದರೆ ಅದು ಹೇಳುವ ಮಟ್ಟ ಬೋರ್ ಒಳಗಿನದಲ್ಲ, ಬೋರ್‌ನಿಂದ ಸುಮಾರು 20 ಮೀಟರ್ ದೂರದ್ದು. ಚೌಕದ ಅಗಲದ ಐದರಲ್ಲೊಂದು ಪಾಲು ಎಂಬ ಈ ಲೆಕ್ಕವನ್ನು 1978ರಲ್ಲಿ ಕೊಟ್ಟವರು ಡೊನಾಲ್ಡ್ ಪೀಸ್‌ಮನ್. ಅವರು ತೈಲ ನಿಕ್ಷೇಪಗಳ ಮಾಡೆಲ್ ಕಟ್ಟುತ್ತಿದ್ದವರು. ತೈಲದವರ ಆ ಸೂತ್ರ ಇವತ್ತು ನೀರಿನವರ ಕೈಯಲ್ಲೂ ಇದೆ.

ವ್ಯತ್ಯಾಸ ಸಣ್ಣದೇನಲ್ಲ. ಆರೂವರೆ ಇಂಚಿನ ಬೋರ್, ತಗಡಿನ ಎರಡು ಇಂಚು ನೀರು, ಕಲ್ಲಿನ ನೀರು ಸಾಗಿಸುವ ಶಕ್ತಿ ದಿನಕ್ಕೆ 5 ಚದರ ಮೀಟರ್ ಎಂದಿಟ್ಟುಕೊಳ್ಳಿ. 20 ಮೀಟರ್ ದೂರದ ಮಟ್ಟಕ್ಕಿಂತ ಬೋರ್ ಒಳಗಿನ ಮಟ್ಟ 12 ಮೀಟರ್, ಅಂದರೆ 40 ಅಡಿ ಕೆಳಗಿರುತ್ತದೆ. ಮಾಡೆಲ್ ‘ನೀರಿದೆ’ ಎನ್ನುತ್ತಿರುವಾಗ ಮೋಟರ್ ಗಾಳಿ ಎಳೆಯುತ್ತಿರುತ್ತದೆ.

ಗ್ಯಾಸ್ ಕಂಡೆನ್ಸೇಟ್ ನಿಕ್ಷೇಪಗಳಲ್ಲಿ ಬಾವಿಯ ಸುತ್ತಲಿನ ಇದೇ ಸಮಸ್ಯೆ ಇನ್ನೂ ತೀವ್ರ. ಆಳದ ಒತ್ತಡದಲ್ಲಿ ಅಲ್ಲಿ ಎಲ್ಲವೂ ಅನಿಲ. ಹೊರತೆಗೆಯುತ್ತ ಒತ್ತಡ ಒಂದು ಮಿತಿಗಿಂತ ಇಳಿದಾಗ ಅನಿಲದಿಂದ ಹಗುರ ಎಣ್ಣೆಯ ಹನಿ ಬೇರ್ಪಡುತ್ತದೆ. ಒತ್ತಡ ಎಲ್ಲಕ್ಕಿಂತ ಕಡಿಮೆಯಿರುವುದು ಬಾವಿಯ ಸುತ್ತ, ಆದ್ದರಿಂದ ಹನಿ ಕೂಡುವುದೂ ಅಲ್ಲೇ. ಹಿಂದಿನ ಅನಿಲಕ್ಕೆ ಅದೇ ಅಡ್ಡ ಕೂರುತ್ತದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಅರುಣ್ ನಿಕ್ಷೇಪದಲ್ಲಿ ಪ್ರಯೋಗಾಲಯದ ಅಳತೆಯಂತೆ ಬೇರ್ಪಡಬಹುದಾದ ದ್ರವ ಶೇ 1ರ ಆಸುಪಾಸು ಮಾತ್ರ. ಆದರೂ ಬಾವಿಗಳ ಅನಿಲ ಕೊಡುವ ಶಕ್ತಿ ಅರ್ಧದಷ್ಟು ಕುಸಿಯಿತು. ದೊಡ್ಡ ಚೌಕದ ಮಾಡೆಲ್‌ಗೆ ಅಷ್ಟು ಕಡಿಮೆ ದ್ರವ ಕಣ್ಣಿಗೇ ಬೀಳುವುದಿಲ್ಲ. ಬಾವಿಯ ಹತ್ತಿರ ಚೌಕ ಕಿರಿದು ಮಾಡಿದಾಗಲೇ ಅದು ಕಾಣುವುದು. ಬೋರ್ ಮೇಲೆ ಪಳಗಿದ ಕೈ ಮುಂದೆ ಅಹಮದಾಬಾದಿನಲ್ಲಿರುವ ಒಎನ್‌ಜಿಸಿಯ ನಿಕ್ಷೇಪ ಅಧ್ಯಯನ ಸಂಸ್ಥೆಯಂಥ ಕಡೆಯೂ ಕೆಲಸಕ್ಕೆ ಬರುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದು ಇದಕ್ಕೇ.

10. ಹಳೆಯ ವರ್ಷಗಳನ್ನು ಹೊಂದಿಸಿ, ಒಂದು ಬರವನ್ನು ಪರೀಕ್ಷೆಗೆ ಬಚ್ಚಿಡಿ

ಮಾಡೆಲ್ ಕಟ್ಟಿದ ಮೇಲೆ, ಕಳೆದ ವರ್ಷಗಳ ಮಳೆ ಮತ್ತು ಪಂಪಿಂಗ್ ಕೊಟ್ಟು ಅದು ಹೇಳುವ ಮಟ್ಟ ನಿಜದ ಮಟ್ಟಕ್ಕೆ ಹೊಂದುತ್ತದೆಯೇ ನೋಡುತ್ತಾರೆ. ಹೊಂದದಿದ್ದರೆ ಕಲ್ಲಿನ ಅಂಕಿಗಳನ್ನು ಹಿಂದೆ ಮುಂದೆ ಸರಿಸುತ್ತಾರೆ. ಕೈಲಿರುವ ಎಲ್ಲ ವರ್ಷಗಳನ್ನೂ ಇದಕ್ಕೇ ಖರ್ಚು ಮಾಡಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತಲ್ಲ, ಆ ವರ್ಷವನ್ನು ಮಾಡೆಲ್‌ಗೆ ತೋರಿಸದೆ ಬದಿಗಿಡಿ. ಉಳಿದ ವರ್ಷಗಳ ಮೇಲೆ ಹೊಂದಿಸಿದ ಮಾಡೆಲ್ 2023ರ ಕುಸಿತವನ್ನು ತಾನಾಗಿ ಹೇಳಿದರೆ ಮುಂದಿನ ಬರದ ಬಗ್ಗೆ ಅದರ ಮಾತು ಕೇಳಬಹುದು. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಮಾತ್ರ ಪಾಸಾದ ಮಾಡೆಲ್ ಗದಗಕ್ಕೆ ಉಪಯೋಗವಿಲ್ಲ.

ಇಲ್ಲೊಂದು ಗುಂಡಿಯಿದೆ. ಬರೀ ನೀರಿನ ಮಟ್ಟಕ್ಕೆ ಹೊಂದಿಸಹೊರಟರೆ, ಇಂಗುವ ಮಳೆಯನ್ನೂ ಕಲ್ಲಿನ ಹರಿವಿನ ಶಕ್ತಿಯನ್ನೂ ಎರಡೆರಡು ಪಟ್ಟು ಮಾಡಿದರೂ ಮಟ್ಟ ಹೆಚ್ಚುಕಡಿಮೆ ಅದೇ ಬರುತ್ತದೆ. ಎರಡು ಮಾಡೆಲ್, ಒಂದೇ ಹೊಂದಿಕೆ. ಆದರೆ ಒಂದರ ಪ್ರಕಾರ ಊರಿಗಿರುವ ನೀರು ಇನ್ನೊಂದರ ದುಪ್ಪಟ್ಟು. ಇದನ್ನು ಬಿಡಿಸಲು ಹರಿವಿನ ಅಳತೆ ಬೇಕೇ ಬೇಕು: ಎತ್ತಿದ ನೀರು, ಹಳ್ಳದಲ್ಲಿ ಹರಿದ ನೀರು. ಐದನೆಯ ಮತ್ತು ಆರನೆಯ ಸೂತ್ರಕ್ಕೆ ಅಷ್ಟು ಜಾಗ ಕೊಟ್ಟದ್ದು ಇದಕ್ಕಾಗಿ.

11. ಒಂದೇ ಅಂಕಿ ಕೊಡಬೇಡಿ

ಕೃಷ್ಣಾ-ಗೋದಾವರಿ ಕೊಳ್ಳದ ಕಡಲಿನಲ್ಲಿರುವ ಡಿ6 ಪ್ರದೇಶದಲ್ಲಿ ದಿನಕ್ಕೆ 80 ಮಿಲಿಯನ್ ಘನ ಮೀಟರ್ ಅನಿಲ ತೆಗೆಯುವ ಯೋಜನೆ ಇತ್ತು. 2009ರಲ್ಲಿ ಉತ್ಪಾದನೆ ಶುರುವಾಯಿತು. 2010ರಲ್ಲಿ 60ರ ಸುತ್ತ ಮುಟ್ಟಿ ಅಲ್ಲಿಂದ ಇಳಿಯುತ್ತ ಹೋಯಿತು. ಜಗತ್ತಿನ ಅತ್ಯುತ್ತಮ ಯಂತ್ರ, ತಂತ್ರಜ್ಞರು ಇದ್ದ ಕಡೆಯೇ ಹೀಗಾಗಬಹುದಾದರೆ, ಹತ್ತಿಪ್ಪತ್ತು ಬೋರ್ ಅಳೆದ ನಾವು ‘ಮಟ್ಟ 41.6 ಮೀಟರ್ ಇರುತ್ತದೆ’ ಎಂದು ಬರೆಯುವುದು ಸರಿಯಲ್ಲ. ‘ಮಳೆ ಸರಾಸರಿ ಇದ್ದರೆ ಇಷ್ಟರಿಂದ ಇಷ್ಟು, ಕೈಕೊಟ್ಟರೆ ಇಷ್ಟರಿಂದ ಇಷ್ಟು’ ಎಂದು ಹೇಳಿ. ಅಂಕಿಗಳನ್ನು ಸಾವಿರಾರು ಸಲ ಬದಲಿಸಿ ಓಡಿಸಿ ಈ ಅಂತರ ಕಂಡುಹಿಡಿಯಲು ಪೆಸ್ಟ್ ಎಂಬ ಉಚಿತ ತಂತ್ರಾಂಶವಿದೆ. ಅಂತರ ದೊಡ್ಡದು ಬಂದರೆ ನಾಚಿಕೆಪಡಬೇಕಿಲ್ಲ. ಯಾವ ಅಂಕಿಯಿಂದ ಅಂತರ ಹಿಗ್ಗುತ್ತಿದೆಯೋ ಅದನ್ನು ಮುಂದಿನ ವರ್ಷ ಅಳೆಯಿರಿ.

ನೀರು ಎಷ್ಟು ಎಂಬುದರ ಜೊತೆ ಎಂಥದು ಎಂಬುದೂ ಲೆಕ್ಕಕ್ಕೆ ಬರಬೇಕು. ಮುಂಡರಗಿ ಕಡೆ ಕುಡಿಯುವ ನೀರಿನ ಬೋರ್ ಲೆಕ್ಕದಲ್ಲಿದ್ದರೆ ಫ್ಲೋರೈಡ್ ಪರೀಕ್ಷೆಯ ಕಾಲಂ ಒಂದನ್ನು ಸೇರಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ‘ಲಭ್ಯ’ ಎಂದು ಬರೆಯಬಾರದು.

12. ಹಿಂಗಾರು ಬಿತ್ತುವ ಮೊದಲು ಊರ ಮುಂದೆ ಇಡಿ

ಮಾಡೆಲ್ ಮಾರ್ಚಿನಲ್ಲಿ ಮುಗಿದರೆ ಅದು ಪದವಿಗೆ ಮಾತ್ರ. ಉತ್ತರಿ, ಹಸ್ತ ಮಳೆ ಮುಗಿಯುವ ಹೊತ್ತಿಗೆ, ಬೀಜ ತರುವ ಮೊದಲು ರೈತರ ಕೈಗೆ ಸಿಗಬೇಕು. ಅವಿಭಜಿತ ಆಂಧ್ರಪ್ರದೇಶದ ಏಳು ಬರದ ಜಿಲ್ಲೆಗಳಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನ ಯೋಜನೆಯೊಂದು ಇದನ್ನು ಮಾಡಿ ತೋರಿಸಿದೆ. ರೈತರೇ ಮಟ್ಟ ಅಳೆದರು, ಮಳೆ ಅಳೆದರು, ಹಿಂಗಾರಿನ ಮುಂಚೆ ಒಟ್ಟಿಗೆ ಕೂತು ನೀರಿನ ಜಮಾ-ಖರ್ಚು ಮಾಡಿದರು. ಯಾರಿಗೂ ಬೆಳೆ ಬದಲಿಸು ಎಂದು ಆಜ್ಞೆ ಇರಲಿಲ್ಲ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ಇನ್ನೂ ಮುಂದೆ ಹೋಗಿ, ಬೇಸಾಯಕ್ಕೆ ಬೋರ್ ಕೊರೆಸುವುದನ್ನೇ ಕೈಬಿಟ್ಟು ಪ್ರತಿ ವರ್ಷ ನೀರಿನ ಬಜೆಟ್ ಮಾಡುತ್ತದೆ.

ನಮ್ಮಲ್ಲಿ ಆಗದು ಎನ್ನುವವರಿಗೆ ಗದಗ ತಾಲ್ಲೂಕಿನ ಕಣಗಿನಹಾಳ ಉತ್ತರ ಹೇಳುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಆ ಊರಿನವರು ದುಡ್ಡು ಕೂಡಿಸಿ ಸಹಕಾರ ಸಂಘ ಕಟ್ಟಿದರು, ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಅದೂ ಒಂದು. ಒಬ್ಬರ ಸಾಲ ಎಲ್ಲರ ಹೊಣೆ ಎಂದು ಒಪ್ಪಿ ಖಾತೆ ಬರೆದ ಜನ ಅವರು. ನೆಲದಡಿಯ ನೀರು ಇದಕ್ಕಿಂತ ಹೆಚ್ಚು ಒಟ್ಟಿನ ಆಸ್ತಿ, ಏಕೆಂದರೆ ಅದರಲ್ಲಿ ನನ್ನ ಪಾಲು ಇಷ್ಟು ಎಂದು ಗೆರೆ ಎಳೆಯಲಿಕ್ಕೇ ಬರುವುದಿಲ್ಲ.

ಸಭೆಗೆ ಪ್ರೊಜೆಕ್ಟರ್ ಬೇಡ, ಬಣ್ಣದ ನಕಾಶೆಯೂ ಬೇಡ. ಪಂಚಾಯಿತಿ ಗೋಡೆಯ ಮೇಲೆ ಮೂರು ಸಾಲು ಬರೆಯಿರಿ: ಈ ಮಳೆಗಾಲದಲ್ಲಿ ಇಂಗಿದ ನೀರು ಇಷ್ಟು, ಕುಡಿಯಲು ಮತ್ತು ದನಕರುಗಳಿಗೆ ಮೊದಲೇ ಎತ್ತಿಡಬೇಕಾದ್ದು ಇಷ್ಟು, ಉಳಿದದ್ದರಲ್ಲಿ ಕಡಲೆಗಾದರೆ ಇಷ್ಟು ಎಕರೆ, ಉಳ್ಳಾಗಡ್ಡಿಗಾದರೆ ಇಷ್ಟು. ಅಡಿ, ಎಕರೆ, ತಾಸು ಎಂಬ ಅಳತೆಯಲ್ಲೇ ಬರೆಯಿರಿ. ಬೋರ್ ಇಲ್ಲದ ಮನೆಯವರನ್ನೂ ಕರೆಯಿರಿ, ಹೆಣ್ಣುಮಕ್ಕಳನ್ನು ತಪ್ಪದೆ ಕರೆಯಿರಿ. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವವರು ಅವರೇ. ಯಾವ ಬೋರ್ ಎಂದು ಬತ್ತಿತು ಎಂಬ ತಾರೀಖು ಅವರಿಗೆ ನೆನಪಿರುವಷ್ಟು ಇನ್ಯಾರಿಗೂ ಇರುವುದಿಲ್ಲ, ಆ ತಾರೀಖುಗಳನ್ನು ಮಾಡೆಲ್ ಹೊಂದಿಸಲು ಬಳಸಿ. ಮುಂದಿನ ಮೇ ತಿಂಗಳ ಅಳತೆ ಕೈಗೆ ಬಂದ ಕೂಡಲೇ, ನೀವು ಹೇಳಿದ ಮಟ್ಟ ಮತ್ತು ನಿಜವಾಗಿ ಬಂದ ಮಟ್ಟ ಎರಡನ್ನೂ ಅದೇ ಗೋಡೆಯ ಮೇಲೆ ಅಕ್ಕಪಕ್ಕ ಬರೆದು, ಎಲ್ಲಿ ಹೆಚ್ಚು ತಪ್ಪಿತೋ ಆ ಬೋರ್‌ನಿಂದ ಎರಡನೆಯ ವರ್ಷದ ಕೆಲಸ ಶುರು ಮಾಡಿ.